ಪಪ್ಪನಿಗೆ, ಚರ್ಚಿನ ಪ್ರಸಂಗ ರೆಕಾರ್ಡ್ ಮಾಡುವ ವಿಷಯ

ಕುವೈತ್, ಶುಕ್ರವಾರ ರಾತ್ರಿ

ಪ್ರೀತಿಯ ಪಪ್ಪ,

ಪ್ರಭುವಿನ ನಾಮದಲ್ಲಿ ವಂದನೆ. ನಾನಿಲ್ಲಿ ಹುಷಾರಾಗಿದ್ದೇನೆ, ಸೆಕೆ ಒಂದು ಬಿಟ್ಟು. ಮಂಗಳೂರಿನಲ್ಲಿ ಮಳೆ ಜೋರು ಹಿಡಿದಿದೆ ಅಂತ ಅಮ್ಮ ಹೇಳಿದರು.

ನಮ್ಮ ಚರ್ಚಿನ ಭಾನುವಾರದ ಆರಾಧನೆಯನ್ನು ಯೂಟ್ಯೂಬಿನಲ್ಲಿ ಲೈವ್ ಹಾಕಬೇಕೋ ಬೇಡವೋ ಅಂತ ಹಿರಿಯರ ಮೀಟಿಂಗಿನಲ್ಲಿ ಎರಡು ಪಕ್ಷ ಆಗಿದೆ ಅಂದಿರಲ್ಲ. ನೀನು ಕೇಳುವವಳು, ನಿನಗೆ ಎಂತ ಅನಿಸುತ್ತದೆ ಅಂತ ಬೇರೆ ಕೇಳಿದಿರಿ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಲೈವ್ ಬೇಡ ಪಪ್ಪ. ಅಯ್ಯನವರ ಪ್ರಸಂಗ ಒಂದನ್ನು ಮಾತ್ರ ರೆಕಾರ್ಡ್ ಮಾಡಿಸಿ, ಆಡಿಯೋ ಸಾಕು, ಭಾನುವಾರ ಸಂಜೆ ಹಾಕಿ.

ಇಲ್ಲಿ ರಜೆ ಶುಕ್ರವಾರ, ಶನಿವಾರ. ಭಾನುವಾರ ಎಲ್ಲರಿಗೂ ಡ್ಯೂಟಿ. ಊರಿನಲ್ಲಿ ಎಂಟೂವರೆಗೆ ಗಂಟೆ ಹೊಡೆಯುವಾಗ ಇಲ್ಲಿ ಆರು ಗಂಟೆ, ನಾನು ಆಸ್ಪತ್ರೆಯ ಬಸ್ಸಿನಲ್ಲಿ ತೂಕಡಿಸುತ್ತಿರುತ್ತೇನೆ. ಎರಡು ಗಂಟೆ ಹೊತ್ತಿನ ಲೈವ್ ನೋಡುವುದು ಯಾರು? ಅದೇ ಅರ್ಧ ಗಂಟೆಯ ಪ್ರಸಂಗ ಆದರೆ ಮರುದಿನ ಬಸ್ಸಿನಲ್ಲಿ ಕೇಳಿ ಮುಗಿಸಬಹುದು. ಆಡಿಯೋವನ್ನು ಮೋನೋದಲ್ಲಿ, ಅಂದರೆ ಒಂದೇ ಟ್ರ್ಯಾಕಿನಲ್ಲಿ, 64 ಕೆಬಿಪಿಎಸ್‌ಗೆ (ಸೆಕೆಂಡಿಗೆ 64 ಕಿಲೋಬಿಟ್) ಇಟ್ಟರೆ ಅರ್ಧ ಗಂಟೆಗೆ ಸುಮಾರು 14 ಎಂಬಿ, ಅಷ್ಟೇ. ಮಾತಿಗೆ ಅದು ಧಾರಾಳ. ವಿಡಿಯೋ ಆದರೆ ನೂರಾರು ಎಂಬಿ ನುಂಗುತ್ತದೆ. ಕಣ್ಣು ಮಂಜಾಗಿ ಮಂಚ ಹಿಡಿದಿರುವ ನಮ್ಮ ಅಜ್ಜಿಗೆ ವಿಡಿಯೋ ಎಂತಕ್ಕೆ? ಅವರಿಗೆ ಬೇಕಾದದ್ದು ಸ್ವರ.

ಲೈವ್ ಬೇಡ ಅನ್ನಲಿಕ್ಕೆ ದೊಡ್ಡ ಕಾರಣ ಬೇರೆ ಉಂಟು. ನನ್ನ ವಾರ್ಡಿನಲ್ಲಿ ನಮ್ಮ ಕಡೆಯ ಹುಡುಗಿ ಒಬ್ಬಳಿದ್ದಾಳೆ. ಅವಳ ಅಮ್ಮನಿಗೆ ಎದೆಯಲ್ಲಿ ಗಂಟು ಕಂಡು ಬಯಾಪ್ಸಿಗೆ ಕೊಟ್ಟಿದ್ದರು. ರಿಪೋರ್ಟ್ ಬರುವ ತನಕ ಮಗಳಿಗೆ ಹೇಳುವುದು ಬೇಡ, ಸುಮ್ನೆ ಗಾಬರಿಯಾಗುತ್ತಾಳೆ ಅಂತ ಮನೆಯವರ ಯೋಚನೆ. ಆ ಭಾನುವಾರ ಅವರ ಚರ್ಚಿನ ಲೈವಿನಲ್ಲಿ ಅಸ್ವಸ್ಥರಿಗಾಗಿ ಪ್ರಾರ್ಥನೆ ಮಾಡುವಾಗ ಹೆಸರು ಹಿಡಿದು, ಬಯಾಪ್ಸಿಯನ್ನೂ ಸೇರಿಸಿ ಪ್ರಾರ್ಥಿಸಿಬಿಟ್ಟರು. ಇವಳು ಡ್ಯೂಟಿಯ ನಡುವೆ ಚಾ ಕುಡಿಯುತ್ತಾ ಅದನ್ನೇ ನೋಡುತ್ತಿದ್ದಳು. ನರ್ಸಿಗೆ ಬಯಾಪ್ಸಿ ಅಂದರೆ ಎಂತ ಅಂತ ಯಾರು ಹೇಳಿಕೊಡಬೇಕು? ಚಾ ಹಾಗೇ ಬಿಟ್ಟು ಮನೆಗೆ ಫೋನ್ ಮಾಡಿದರೆ ಎಲ್ಲರೂ ಚರ್ಚಿನಲ್ಲಿ, ಒಬ್ಬರೂ ಎತ್ತಲಿಲ್ಲ. ಆಮೇಲೆ ಗಂಟು ಕ್ಯಾನ್ಸರ್ ಅಲ್ಲ ಅಂತ ಬಂತು, ದೇವರ ದಯೆ. ಆದರೆ ಆ ವಿಡಿಯೋ ಈಗಲೂ ಅಲ್ಲೇ ಉಂಟು, ಯಾರು ಬೇಕಾದರೂ ನೋಡಬಹುದು.

ಚರ್ಚಿನೊಳಗೆ ನೂರೈವತ್ತು ಮಂದಿಯ ಮುಂದೆ ಹೆಸರು ಹೇಳಿ ಪ್ರಾರ್ಥಿಸುವುದು ನಮ್ಮ ರೂಢಿ, ಅದು ಬೇಕು. ಅದನ್ನು ಊರಿಗೆಲ್ಲ ಬಿತ್ತರಿಸುವುದು ಬೇಡ. ಪ್ರಸಂಗ ಮಾತ್ರ ರೆಕಾರ್ಡ್ ಮಾಡಿದರೆ ಈ ತಾಪತ್ರಯವೇ ಇಲ್ಲ ಅಲ್ವಾ? ಹಾಡಿನ ರಗಳೆಯೂ ತಪ್ಪುತ್ತದೆ. ಸಂಗೀತ ಪುಸ್ತಕದ ಹಳೆಯ ಹಾಡುಗಳಿಗೆ ತೊಂದರೆ ಇರಲಿಕ್ಕಿಲ್ಲ. ಆದರೆ ಯುವಕರು ಯಾರದೋ ಟ್ರ್ಯಾಕ್ ಹಾಕಿಕೊಂಡು ಹಾಡಿದರೆ ಯೂಟ್ಯೂಬಿನ ಕಂಟೆಂಟ್ ಐಡಿ, ಅಂದರೆ ಬೇರೆಯವರ ಹಕ್ಕಿನ ಹಾಡನ್ನು ಪತ್ತೆಹಚ್ಚುವ ವ್ಯವಸ್ಥೆ, ಅದನ್ನು ತಾನೇ ಗುರುತು ಹಿಡಿಯುತ್ತದೆ.

ಸಭಾಪಾಲಕ ಅಯ್ಯನವರನ್ನು ಮೊದಲು ಕೇಳಿ. ಮೀಟಿಂಗಿನಲ್ಲಿ ತೀರ್ಮಾನ ಮಾಡಿ ಆಮೇಲೆ ಅವರಿಗೆ ತಿಳಿಸುವುದು ಚಂದ ಅಲ್ಲ. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲೂ ಜನರ ಮುಂದೆ ಆಡಿದ ಭಾಷಣದ ಹಕ್ಕು ಸಾಮಾನ್ಯವಾಗಿ ಆಡಿದವರದ್ದೇ. ಪ್ರಸಂಗ ಹಾಕುವ ಚಾನೆಲ್ ಅವರ ಸ್ವಂತ ಜಿಮೇಲಿನಲ್ಲಿ ಬೇಡ. ವರ್ಗ ಆಗಿ ಹೋಗುವಾಗ ಪಾಸ್‌ವರ್ಡೂ ಅವರ ಜೊತೆ ಹೋಗುತ್ತದೆ! ಸಭೆಯ ಹೆಸರಿನಲ್ಲೇ ಅಕೌಂಟ್ ಮಾಡಿ, ಇಬ್ಬರು ಹಿರಿಯರ ಹತ್ತಿರ ಕೀಲಿ ಇರಲಿ.

ಹೋದ ತಿಂಗಳು ನೀವು ಮೂರನೆಯ ಬೆಂಚಿನಿಂದ ಫೋನಿನಲ್ಲಿ ಹಿಡಿದು ಕಳಿಸಿದ ಪ್ರಸಂಗದಲ್ಲಿ ಫ್ಯಾನಿನ ಗರಗರ, ಯಾರದೋ ಮಗುವಿನ ಅಳು, ಮಾಡಿನ ಹಂಚಿನ ಮೇಲೆ ಮಳೆ. ಅಯ್ಯನವರ ಮಾತು ಅಲ್ಲೊಂದು ಇಲ್ಲೊಂದು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದೂ ಸ್ವಿಟ್ಜರ್ಲೆಂಡಿನಿಂದ ಬಂದ ನಮ್ಮ ಬಾಸೆಲ್ ಮಿಷನ್ನಿನವರೇ, ಯಾರನ್ನು ಬೈಯುವುದು? ಕಾಲರಿಗೆ ಸಿಕ್ಕಿಸುವ ಸಣ್ಣ ಮೈಕ್ ಬರುತ್ತದೆ, ವಯರ್ ಇರುವಂಥದ್ದು. ಅದನ್ನು ಫೋನಿಗೆ ಚುಚ್ಚಿ, ಫೋನನ್ನು ಅಯ್ಯನವರ ಜೇಬಿನಲ್ಲೇ ಇಡಿ. ಏರೋಪ್ಲೇನ್ ಮೋಡಿಗೆ ಹಾಕಲು ಮರೆಯಬೇಡಿ, ನಡುವೆ ಕಾಲ್ ಬಂದರೆ ರೆಕಾರ್ಡಿಂಗ್ ನಿಂತರೂ ನಿಲ್ಲಬಹುದು. ಪ್ರಸಂಗಕ್ಕೆ ಮೊದಲು ಓದುವ ಬೈಬಲ್ ವಾಕ್ಯವೂ ಅದರಲ್ಲಿ ಸೇರಲಿ. ವಾಕ್ಯ ಗೊತ್ತಿಲ್ಲದೆ ಪ್ರಸಂಗ ಕೇಳಿದರೆ ತಲೆಬುಡ ತಿಳಿಯುವುದಿಲ್ಲ. ಫೈಲಿನ ಹೆಸರಿನಲ್ಲಿ ಮೊದಲು ವರ್ಷ, ಆಮೇಲೆ ತಿಂಗಳು, ತಾರೀಕು, ಕೊನೆಗೆ ಓದಿದ ವಾಕ್ಯ, ಲೂಕ 15 ಅಂತಲೋ ಕೀರ್ತನೆ 121 ಅಂತಲೋ ಬರೆಯಿರಿ, ತಾನಾಗಿ ಸಾಲಿಗೆ ನಿಲ್ಲುತ್ತವೆ. ವಾಟ್ಸಾಪಿನಲ್ಲಿ ಹಂಚಿ, ಆದರೆ ಅಲ್ಲಿ ಮಾತ್ರ ಬಿಡಬೇಡಿ. ಫೋನ್ ಬದಲಾಯಿಸಿದ ದಿನ ಎಲ್ಲ ಹೋಗುತ್ತದೆ.

ಇನ್ನು, ದೇವರ ವಾಕ್ಯವನ್ನು ಮೊಬೈಲಿಗೆ ಹಾಕುವುದು ನಮ್ಮ ಪದ್ಧತಿ ಅಲ್ಲ ಅಂದ ಹಿರಿಯರಿಗೆ ಒಂದು ಮಾತು. 1834ರಲ್ಲಿ ಬಾಸೆಲ್ ಮಿಷನ್ನಿನ ಹೆಬಿಕ್, ಲೇನರ್, ಗ್ರೈನರ್ ಮಂಗಳೂರಿಗೆ ಬಂದರು. ಹತ್ತು ವರ್ಷ ತುಂಬುವ ಮೊದಲೇ ಇಲ್ಲಿ ಕಲ್ಲಚ್ಚಿನ ಪ್ರೆಸ್ ನಡೆಯುತ್ತಿತ್ತು, 1843ರಲ್ಲಿ ಅದೇ ಮಿಷನ್ನಿನ ಮೋಗ್ಲಿಂಗ್ ಅದರಲ್ಲೇ ಮಂಗಳೂರ ಸಮಾಚಾರ ಪತ್ರಿಕೆ ತೆಗೆದರು. ಕಿಟ್ಟೆಲರ ನಿಘಂಟು 1894ರಲ್ಲಿ ಅಚ್ಚಾದದ್ದೂ ಮಿಷನ್ ಪ್ರೆಸ್ಸಿನಲ್ಲೇ. ಆ ಕಾಲಕ್ಕೆ ಹೊಸತಾಗಿದ್ದ ಯಂತ್ರವನ್ನು ಮೊದಲು ಹಿಡಿದವರೇ ನಮ್ಮವರು. ಇನ್ನು ಜನ ಚರ್ಚಿಗೆ ಬರುವುದು ಕಡಿಮೆಯಾಗುತ್ತದೆ ಅನ್ನುವ ಹೆದರಿಕೆ ಸುಳ್ಳಲ್ಲ. 2020ರ ಲಾಕ್‌ಡೌನಿನಲ್ಲಿ ಸೋಫಾದ ಮೇಲೆ ಕೂತು ಆರಾಧನೆ ನೋಡಿ ಅಭ್ಯಾಸ ಆದವರು ಎಷ್ಟೋ ಮಂದಿ. ಅದಕ್ಕೇ ಸಂಜೆ ಹಾಕಿ ಅಂದದ್ದು. ಬೆಳಿಗ್ಗೆ ಬರಬೇಕಾದವರು ಬರಲಿ.

ಮೈಕಿಗೆ ಸಭೆಯ ಕಾಣಿಕೆ ಹಣ ಮುಟ್ಟುವುದು ಬೇಡ. ಮುಂದಿನ ವಾರ ಇಲ್ಲಿಂದ ಊರಿಗೆ ಹೋಗುವವರಿದ್ದಾರೆ, ಅವರ ಕೈಯಲ್ಲಿ ಕಳಿಸುತ್ತೇನೆ. ನಿಮ್ಮ ಫೋನಿನ ಚಾರ್ಜರ್ ಪಿನ್ ಚಪ್ಪಟೆಯೋ ಉರುಟೋ ಅಂತ ಅಮ್ಮನ ಹತ್ತಿರ ಒಂದು ಫೋಟೋ ತೆಗೆಸಿ ಕಳಿಸಿ, ಅದಕ್ಕೆ ಸರಿಯಾದದ್ದೇ ತೆಗೆದುಕೊಳ್ಳುತ್ತೇನೆ.

ನಿಮ್ಮ ಮಗಳು