ಸೂತ್ರದ ಜೊತೆಗೆ ಒಂದು ಸಾಲು ಸೇರಲಿ

ಮಾನ್ಯ ಸಂಪಾದಕರೇ,

ಕಪ್ಪುಕುಳಿಗಳನ್ನು (ಬ್ಲ್ಯಾಕ್ ಹೋಲ್) ಕುರಿತು ಕನ್ನಡದಲ್ಲಿ ಈಚೆಗೆ ಒಳ್ಳೆಯ ಬರಹಗಳು ಬರುತ್ತಿರುವುದು ಸಂತೋಷದ ವಿಷಯ. ಅವುಗಳಲ್ಲಿ ಬಹುಪಾಲು ‘ಶ್ವಾರ್ಟ್ಸ್‌ಷಿಲ್ಡ್ ತ್ರಿಜ್ಯ’ವನ್ನು ವಿವರಿಸುತ್ತವೆ; ಸೂರ್ಯನ ದ್ರವ್ಯವನ್ನೆಲ್ಲ ಸುಮಾರು 3 ಕಿಲೋಮೀಟರ್ ತ್ರಿಜ್ಯದ ಗೋಳದೊಳಗೆ ಅದುಮಿದರೆ ಬೆಳಕು ಕೂಡ ಹೊರಬರಲಾರದು, ಭೂಮಿಗಾದರೆ ಆ ತ್ರಿಜ್ಯ ಸುಮಾರು 9 ಮಿಲಿಮೀಟರ್ ಎಂದು ತಿಳಿಸಿ ಮುಂದೆ ಸಾಗುತ್ತವೆ. ಆ ಹೆಸರು ಯಾರದು, ಅವರಿಗೆ ಏನಾಯಿತು ಎಂಬ ಮಾತು ಬರುವುದೇ ಇಲ್ಲ. ಭೌತವಿಜ್ಞಾನ ಕಲಿಸುತ್ತಿದ್ದ ನಾನೂ ಬಹುಕಾಲ ಆ ಹೆಸರನ್ನು ಹಾಗೆಯೇ ದಾಟಿಸಿಬಿಟ್ಟಿದ್ದೇನೆ. ಅದು ನನ್ನನ್ನು ಕಾಡುತ್ತಿರುವುದರಿಂದಲೇ ಈ ಪತ್ರ.

ಕಾರ್ಲ್ ಶ್ವಾರ್ಟ್ಸ್‌ಷಿಲ್ಡ್ 1873ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಹುಟ್ಟಿದರು. ಜೋಡಿ ನಕ್ಷತ್ರಗಳ ಕಕ್ಷೆಯ ಬಗ್ಗೆ ಹದಿಹರೆಯದಲ್ಲೇ ಪ್ರಬಂಧ ಪ್ರಕಟಿಸಿದ ಅವರು ಮೂವತ್ತು ತುಂಬುವ ಮೊದಲೇ ಗಟಿಂಗೆನ್ ವೀಕ್ಷಣಾಲಯದ ನಿರ್ದೇಶಕರಾದರು, ನಂತರ ಪಾಟ್ಸ್‌ಡ್ಯಾಮ್‌ಗೆ ಹೋದರು. 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗ ಅವರಿಗೆ ನಲವತ್ತು ದಾಟಿತ್ತು, ಮನೆಯಲ್ಲಿ ಪುಟ್ಟ ಮಕ್ಕಳಿದ್ದರು. ಆದರೂ ಅವರು ತಾವಾಗಿಯೇ ಸೇನೆ ಸೇರಿದರು. ಬೆಲ್ಜಿಯಂನಲ್ಲಿ ಹವಾಮಾನ ಕೇಂದ್ರದ ಕೆಲಸ ನೋಡಿಕೊಂಡ ಮೇಲೆ ಫಿರಂಗಿ ದಳದಲ್ಲಿ ಗುಂಡು ಸಾಗುವ ಪಥವನ್ನು ಲೆಕ್ಕಹಾಕುವ ಕೆಲಸಕ್ಕೆ ನಿಂತರು. ಈ ಸಂಗತಿಯನ್ನು ಮುಚ್ಚಿಟ್ಟು ಅವರನ್ನು ಸ್ಮರಿಸುವುದು ಸರಿಯಲ್ಲ ಎಂದು ನನ್ನ ಭಾವನೆ. ಗ್ರಹಗಳ ಪಥ ಗುಣಿಸಿದ ಅದೇ ಕೈ ಎದುರು ಪಾಳೆಯದ ಮೇಲೆ ಬೀಳಬೇಕಾದ ಗುಂಡಿನ ಪಥವನ್ನೂ ಗುಣಿಸಿತು, ಮತ್ತು ಆ ಪಾಳೆಯದಲ್ಲಿಯೂ ಮಕ್ಕಳ ತಂದೆಯರಿದ್ದರು.

1915ರ ನವೆಂಬರ್‌ನಲ್ಲಿ ಐನ್‌ಸ್ಟೈನ್ ಗುರುತ್ವವನ್ನು ವಿವರಿಸುವ ತಮ್ಮ ಸಾರ್ವತ್ರಿಕ ಸಾಪೇಕ್ಷತಾ ಸಿದ್ಧಾಂತದ ಸಮೀಕರಣಗಳನ್ನು ಬರ್ಲಿನ್ನಿನ ವಿಜ್ಞಾನ ಅಕಾಡೆಮಿಯ ಮುಂದಿಟ್ಟರು. ಬುಧಗ್ರಹದ ಕಕ್ಷೆಯನ್ನು ವಿವರಿಸಲು ಸ್ವತಃ ಅವರೇ ಅಂದಾಜು ವಿಧಾನವನ್ನು ಆಶ್ರಯಿಸಿದ್ದರು. ಯುದ್ಧರಂಗದಲ್ಲಿದ್ದ ಶ್ವಾರ್ಟ್ಸ್‌ಷಿಲ್ಡ್ ಒಂದು ಒಂಟಿ ಗೋಳಾಕಾರದ ಕಾಯದ ಸುತ್ತಲಿನ ಗುರುತ್ವಕ್ಕೆ ಕರಾರುವಾಕ್ಕಾದ ಪರಿಹಾರವನ್ನೇ ಕಂಡುಹಿಡಿದು, ಡಿಸೆಂಬರ್ 22ರಂದು ಐನ್‌ಸ್ಟೈನ್‌ಗೆ ಪತ್ರ ಬರೆದರು. ಗುಂಡಿನ ಸದ್ದು ಜೋರಾಗಿದ್ದರೂ ನಿಮ್ಮ ವಿಚಾರಗಳ ನಾಡಿನಲ್ಲಿ ಹೀಗೊಮ್ಮೆ ಅಡ್ಡಾಡಿ ಬರಲು ಯುದ್ಧ ನನಗೆ ಎಡೆಗೊಟ್ಟಿತು ಎಂಬ ಅರ್ಥದ ಮಾತು ಅದರಲ್ಲಿದೆ. ಇಷ್ಟು ಸರಳವಾದ ಉತ್ತರ ಸಿಕ್ಕೀತೆಂದು ಐನ್‌ಸ್ಟೈನ್ ಎಣಿಸಿರಲಿಲ್ಲ. ಮುಂದಿನ ತಿಂಗಳು ಅವರೇ ಅದನ್ನು ಅಕಾಡೆಮಿಗೆ ಒಪ್ಪಿಸಿದರು. ಮೇಲೆ ಹೇಳಿದ ತ್ರಿಜ್ಯ ಹೊರಡುವುದು ಈ ಪರಿಹಾರದಿಂದಲೇ.

ಅಷ್ಟರಲ್ಲಿ ಶ್ವಾರ್ಟ್ಸ್‌ಷಿಲ್ಡ್ ಅವರಿಗೆ ಮೈಯೆಲ್ಲ ಬೊಕ್ಕೆ ಏಳುವ ಪೆಂಫಿಗಸ್ ಎಂಬ ಕಾಯಿಲೆ ತಗಲಿತ್ತು. ಆ ಕಾಲದಲ್ಲಿ ಅದಕ್ಕೆ ಮದ್ದಿರಲಿಲ್ಲ. 1916ರ ಮಾರ್ಚ್‌ನಲ್ಲಿ ಅವರನ್ನು ಮನೆಗೆ ಕಳುಹಿಸಲಾಯಿತು. ಮೇ 11ರಂದು, 42ನೆಯ ವಯಸ್ಸಿನಲ್ಲಿ, ತೀರಿಕೊಂಡರು. ಅವರು ಕಂದಕದಲ್ಲಿ ಗುಂಡೇಟಿಗೆ ಬಲಿಯಾದರೆಂಬಂತೆ ಬರೆಯುವುದು ತಪ್ಪು. ಆದರೆ ಮಕ್ಕಳ ಪಾಲಿಗೆ ಯುದ್ಧಕ್ಕೆ ಹೋದ ಅಪ್ಪ ಸಾಯಲೆಂದೇ ಹಿಂತಿರುಗಿದಂತಾಯಿತು.

ಮಗ ಮಾರ್ಟಿನ್‌ಗೆ ನಾಲ್ಕು ವರ್ಷ ತುಂಬಲು ಇಪ್ಪತ್ತು ದಿನ ಬಾಕಿಯಿತ್ತು. ತಂದೆಯ ಮುಖ ಆ ಮಗುವಿಗೆ ಎಷ್ಟು ನೆನಪಿದ್ದೀತು ಎಂದು ನಾನು ಹಲವು ಸಲ ಯೋಚಿಸಿದ್ದೇನೆ. ಮಾರ್ಟಿನ್ ಕೂಡ ಖಗೋಳವಿಜ್ಞಾನಿಯೇ ಆದರು. ಯಹೂದಿ ಮನೆತನದವರಾದ್ದರಿಂದ ನಾಜಿಗಳ ಜರ್ಮನಿಯನ್ನು ತೊರೆದು, ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರಾಗಿ ದುಡಿದರು. ತಂದೆ ಯಾವ ದೇಶಕ್ಕಾಗಿ ಸಮವಸ್ತ್ರ ತೊಟ್ಟಿದ್ದರೋ ಆ ದೇಶದ ವಿರುದ್ಧವೇ ಮಗ ಸಮವಸ್ತ್ರ ತೊಡಬೇಕಾಯಿತು. ತಂದೆ ಸತ್ತಾಗ ಇನ್ನೂ ಎಳೆಗೂಸಾಗಿದ್ದ ಕಿರಿಯ ಮಗ ಆಲ್ಫ್ರೆಡ್ ಜರ್ಮನಿಯಲ್ಲೇ ಉಳಿದು ನಾಜಿಗಳ ಯಹೂದಿ ದ್ವೇಷಕ್ಕೆ ಬಲಿಯಾದರು. ಮಾರ್ಟಿನ್ ಮುಂದೆ ಪ್ರಿನ್ಸ್‌ಟನ್‌ನಲ್ಲಿ ನಕ್ಷತ್ರಗಳ ಒಳರಚನೆ ಮತ್ತು ವಿಕಾಸದ ಬಗ್ಗೆ ದೊಡ್ಡ ಕೆಲಸ ಮಾಡಿದರು. ಬಲೂನಿಗೆ ದೂರದರ್ಶಕ ಕಟ್ಟಿ ಮೇಲಕ್ಕೇರಿಸಿ ಸೂರ್ಯನ ಚಿತ್ರ ತೆಗೆಸಿದರು.

ಇಂಥವರನ್ನು ನೆನೆಯುವಾಗ ‘ಬದುಕಿದ್ದರೆ ಇನ್ನೇನೇನು ಕಂಡುಹಿಡಿಯುತ್ತಿದ್ದರೋ’ ಎಂದು ನಷ್ಟದ ಲೆಕ್ಕ ಹಾಕುವುದು ರೂಢಿ. 1915ರಲ್ಲಿ ಟರ್ಕಿಯ ಗಲಿಪೋಲಿ ಯುದ್ಧರಂಗದಲ್ಲಿ 27ನೆಯ ವಯಸ್ಸಿಗೇ ಹತರಾದ ಇಂಗ್ಲಿಷ್ ಭೌತವಿಜ್ಞಾನಿ ಹೆನ್ರಿ ಮೋಸ್ಲಿ ವಿಷಯದಲ್ಲಂತೂ ನೊಬೆಲ್ ಕೈತಪ್ಪಿತೆಂಬುದೇ ಮುಖ್ಯ ಮಾತಾಗಿಬಿಡುತ್ತದೆ. ಆ ಲೆಕ್ಕ ಸುಳ್ಳಲ್ಲ, ಆದರೆ ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಏನನ್ನೂ ಕಂಡುಹಿಡಿಯದೆ ಪಕ್ಕದಲ್ಲೇ ಮಡಿದ ಸೈನಿಕನ ಸಾವು ಅದರಿಂದ ಹಗುರವಾಗಿ ಕಾಣುತ್ತದೆ. ಮನೆಯಲ್ಲಿ ಕಾದಿದ್ದ ಮಗುವಿನ ನಷ್ಟವಂತೂ ಅದರಲ್ಲಿ ಸೇರುವುದೇ ಇಲ್ಲ.

ವಿಜ್ಞಾನ ಲೇಖಕರಲ್ಲಿ, ಉಪನ್ಯಾಸಕ ಮಿತ್ರರಲ್ಲಿ ನನ್ನ ಕೋರಿಕೆ ಸಣ್ಣದು. ಆ ತ್ರಿಜ್ಯದ ಸೂತ್ರವನ್ನು ಬರೆಯುವಾಗ ಕೆಳಗೆ ಒಂದು ಸಾಲು ಸೇರಿಸಿ: ಕಾರ್ಲ್ ಶ್ವಾರ್ಟ್ಸ್‌ಷಿಲ್ಡ್ (1873–1916), ಖಗೋಳವಿಜ್ಞಾನಿ, ಮೂರು ಮಕ್ಕಳ ತಂದೆ, ಈ ಉತ್ತರವನ್ನು ಯುದ್ಧರಂಗದಲ್ಲಿ ಬರೆದರು, ಅಲ್ಲಿ ಕಾಣಿಸಿಕೊಂಡ ಕಾಯಿಲೆಯಿಂದ ಐದೇ ತಿಂಗಳಲ್ಲಿ ತೀರಿಕೊಂಡರು.

ಇತಿ,
ನಿವೃತ್ತ ಭೌತವಿಜ್ಞಾನ ಉಪನ್ಯಾಸಕ