ಅರಣ್ಯ ಸಚಿವರೇ, ನೀಲಗಿರಿ ಬುಡ ಕೀಳಿಸಿ

ಮಾನ್ಯ ಅರಣ್ಯ ಸಚಿವರಿಗೆ ಕೋಲಾರ ಜಿಲ್ಲೆಯ ರೈತನೊಬ್ಬನ ನಮಸ್ಕಾರ.

ಮೂರು ಅರ್ಜಿ ಕೊಟ್ಟಾಯಿತು. ಮೂರಕ್ಕೂ 'ಪರಿಶೀಲಿಸಲಾಗುವುದು' ಅಂತ ಒಂದೇ ಉತ್ತರ. ಅದಕ್ಕೇ ನಾಲ್ಕನೆಯದನ್ನು ಎಲ್ಲರಿಗೂ ಕೇಳುವ ಹಾಗೆ ಬರೆಯುತ್ತಿದ್ದೇನೆ. ನಮ್ಮೂರ ಗೋಮಾಳದ ನೀಲಗಿರಿ ತೆಗೆಸಿ. ಕಡಿಸುವುದಲ್ಲ, ಬುಡ ಸಮೇತ ಕೀಳಿಸಿ.

2017ರ ಆದೇಶ ನಿಮಗೆ ಗೊತ್ತೇ ಇದೆ. ಹೊಸದಾಗಿ ನೆಡಬಾರದು ಅಂದಿರಿ, ಸಂತೋಷ. ಆದರೆ ಕಡಿದ ಬುಡದಿಂದಲೇ ಮತ್ತೆ ಚಿಗುರುತ್ತದಲ್ಲ ಸ್ವಾಮಿ? ನೀಲಗಿರಿ ಆದೇಶ ಓದುವುದಿಲ್ಲ.

ಇದು ಬಂದಿದ್ದು ನೆರವಿನ ಹೆಸರಲ್ಲಿ. 80ರ ದಶಕದಲ್ಲಿ ವಿಶ್ವಬ್ಯಾಂಕ್ ಸಾಲ, ಬ್ರಿಟನ್ ಸರ್ಕಾರದ ದುಡ್ಡು ಸೇರಿ ಸಾಮಾಜಿಕ ಅರಣ್ಯ ಯೋಜನೆ ನಡೆಯಿತು. ಬಡವರಿಗೆ ಸೌದೆ, ದನಕ್ಕೆ ಮೇವು ಅಂದರು. ನೀಲಗಿರಿ ಎಲೆಯನ್ನು ಯಾವ ದನ ತಿನ್ನುತ್ತದೆ? ಜಮೀನು ಜಾಸ್ತಿ ಇದ್ದವರು ರಾಗಿ ಹೊಲಕ್ಕೂ ನೀಲಗಿರಿ ಹಾಕಿ ಪಟ್ಟಣ ಸೇರಿದರು. ಕಳೆ ಕಿತ್ತು, ತೆನೆ ಕೊಯ್ದು ಬದುಕುತ್ತಿದ್ದ ಹೆಂಗಸರ ಕೂಲಿ ಹೋಯಿತು. ನಮ್ಮಮ್ಮನದೂ ಹೋಯಿತು. ತುಮಕೂರು ಕಡೆಯ ರೈತರು 1983ರಲ್ಲೇ ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತಿದ್ದರು. ಅವರಿಗೆ ಯಾವ ವಿದೇಶಿ ತಜ್ಞರೂ ಬೇಕಾಗಿರಲಿಲ್ಲ.

ನೆಲದೊಳಗಿನ ನೀರನ್ನೂ ಹೀರುವ ಮರ ಇದು. ಅಪ್ಪ ಎತ್ತು ಕಟ್ಟಿ ಕಪಿಲೆ ಹೊಡೆದು ನೀರೆತ್ತುತ್ತಿದ್ದ ಬಾವಿ ಈಗ ಕಸದ ಗುಂಡಿ. ನಾನು ಕೊರೆಸಿದ ಮೂರನೇ ಬೋರು 1,300 ಅಡಿ ಹೋಯಿತು. ಬಂದಿದ್ದು ಬರೀ ಧೂಳು. ಸಾಲ ಇನ್ನೂ ತೀರಿಲ್ಲ. ಎಲ್ಲ ತಪ್ಪೂ ಮರದ್ದಲ್ಲ, ಬೋರು ಕೊರೆದ ನಮ್ಮದೂ ಇದೆ. ಒಪ್ಪುತ್ತೇನೆ.

ಆದರೆ ಕಳೆದ ಪರಿಸರ ದಿನದಂದು ನಡೆದದ್ದನ್ನು ಮಾತ್ರ ಮರೆಯಲಾರೆ. ಊರಿಗೆ ನಾಲ್ಕು ದಿನದಿಂದ ನೀರಿರಲಿಲ್ಲ. ಟ್ಯಾಂಕರ್ ಬಂತು. ಹೆಂಗಸರು ಬಿಂದಿಗೆ ಹಿಡಿದು ಓಡಿದರು. "ಇದು ಸಸಿಗೆ ಕಣಮ್ಮ, ಸಾಹೇಬರು ಬರ್ತಾರೆ" ಅಂದ ಡ್ರೈವರ್. ಸಾಹೇಬರು ಬಂದರು. ಹಿಂದೆ ನೀಲಗಿರಿ ತೋಪು, ಮುಂದೆ ಹೊಂಗೆ ಸಸಿ, ನಡುವೆ ಅವರು. ಫೋಟೋ ಆಯಿತು. ಉಳಿದ ನೀರು ಟ್ಯಾಂಕರ್ ಜೊತೆಗೇ ವಾಪಸ್ ಹೋಯಿತು. ಸಸಿ ವಾರದಲ್ಲಿ ಒಣಗಿತು. ಯಾವ ಆಫೀಸಿನವರು ಅಂತ ಹೇಳಲ್ಲ, ಬಿಡಿ. ಮೂರು ಅರ್ಜಿಗೆ ಆಗದ್ದು ನಾಲ್ಕನೆಯದಕ್ಕೆ ಆಗುತ್ತಾ?

2018ರಿಂದ ಬೆಂಗಳೂರಿನ ಕೊಳಚೆ ನೀರನ್ನೇ ಶುದ್ಧ ಮಾಡಿ ನಮ್ಮ ಜಿಲ್ಲೆಯ ಕೆರೆಗಳಿಗೆ ಬಿಡುತ್ತಿದ್ದೀರಿ. ಅದನ್ನೂ ಇದೇ ಮರ ಕುಡಿಯಲಿ ಅಂತಲಾ?

ಬುಡ ಕೀಳಿಸಿ ಸ್ವಾಮಿ. ಜೆಸಿಬಿಗೆ ದುಡ್ಡಿಲ್ಲ ಅಂತ ಮತ್ತೆ ವಿಶ್ವಬ್ಯಾಂಕ್ ಹತ್ತಿರ ಹೋಗಬೇಡಿ. ಹಾರೆ, ಪಿಕಾಸಿ ನಾವೇ ತರುತ್ತೇವೆ. ನೀವು ಒಂದು ಅನುಮತಿ ಪತ್ರ ಕೊಡಿ, ಸಾಕು. ಅದಿಲ್ಲದೆ ಕಿತ್ತರೆ ಕೇಸು ನಮ್ಮ ಮೇಲೇ ಅಲ್ವಾ?

ಇಂತಿ,
ಮೂರು ಅರ್ಜಿಗಳ ರೈತ