ತಾಯಂದಿರ ತರಗತಿಗೆ ನನ್ನ ನಮಸ್ಕಾರ

ನಾನು ಮದ್ಯ ಬಿಟ್ಟು ಈ ಸೋಮವಾರಕ್ಕೆ ಎರಡು ವರ್ಷ ತುಂಬಿತು. ಪುಣೆಯ ನಮ್ಮ ಕನ್ನಡ ಬಳಗದಲ್ಲಿ ಅನೇಕರಿಗೆ ನನ್ನ ಸ್ಥಿತಿ ಗೊತ್ತಿದ್ದರೂ ಯಾರೂ ಅದನ್ನು ಆಡಿ ತೋರಿಸಲಿಲ್ಲ. ಆ ಮೌನದ ಋಣವೂ ನನ್ನ ಮೇಲಿದೆ.

ಕುಡಿತ ಬಿಡಿಸಿದ ವೈದ್ಯರಿಗೂ ದಾದಿಯರಿಗೂ ನಾನು ಚಿರಋಣಿ. ಆದರೆ ಮನೆಗೆ ಮರಳಿದ ಮೇಲೆ ಎದುರಾದದ್ದು ಬೇರೆಯೇ ಕಷ್ಟ. ನಾನು ಲೋಟವನ್ನು ತುಸು ಜೋರಾಗಿ ಇಟ್ಟರೂ ಎಂಟು ವರ್ಷದ ಮಗಳು ಪುಸ್ತಕ ಮುಚ್ಚಿ ಅಜ್ಜಿಯ ಬೆನ್ನ ಹಿಂದೆ ಹೋಗಿ ನಿಲ್ಲುತ್ತಿದ್ದಳು. ಇನ್ನು ಕುಡಿಯುವುದಿಲ್ಲವೆಂಬ ಮಾತನ್ನು ಅವಳು ಮೊದಲೂ ಎಷ್ಟೋ ಸಲ ಕೇಳಿದ್ದಳು.

ಆಗ ನಮ್ಮ ಆಪ್ತಸಮಾಲೋಚಕಿ, ವ್ಯಸನದಿಂದ ಹೊರಬರುತ್ತಿರುವ ತಾಯಂದಿರಿಗಾಗಿ ಪ್ರತಿ ಶನಿವಾರ ನಡೆಸುತ್ತಿದ್ದ ತರಗತಿಗೆ ನನ್ನನ್ನು ಸೇರಿಸಿಕೊಂಡರು. ಮಗುವನ್ನು ಹೇಗೆ ಬೆಳೆಸಬೇಕೆಂದು ಹೇಳುವ ಮೊದಲು ನಾವು ಹೇಗೆ ಬೆಳೆದೆವೆಂದು ಅಲ್ಲಿ ಕೇಳುತ್ತಿದ್ದರು. ಅಪ್ಪ ಕುಡಿದು ಬಂದು ಚಿಲಕ ಅಲುಗಿಸಿದೊಡನೆ ಜೋಳದ ಚೀಲಗಳ ಸಂದಿಯಲ್ಲಿ ಅಡಗುತ್ತಿದ್ದುದನ್ನು ಮರಾಠಿಯಲ್ಲಿ ಹೇಳಲಾರದೆ ನಾನು ತಡವರಿಸಿದಾಗ, "ನಿಮ್ಮ ಭಾಷೆಯಲ್ಲೇ ಹೇಳಿ" ಎಂದರು. ಜೊತೆಗಿದ್ದ ಸೊಲ್ಲಾಪುರದ ಅಕ್ಕ ಒಂದೊಂದೇ ಮಾತನ್ನು ಮರಾಠಿಗೆ ತರುತ್ತ ತಾವೂ ಅತ್ತರು. ಅವರನ್ನು ನಾನು ಮರೆಯಲಾರೆ.

ಅಮೆರಿಕದ ಸ್ಯಾನ್ ಡಿಯೇಗೊದಲ್ಲಿ 1995ರಿಂದ 1997ರವರೆಗೆ 17,000ಕ್ಕೂ ಹೆಚ್ಚು ವಯಸ್ಕರಿಂದ ಅವರ ಬಾಲ್ಯದ ವಿವರ ಪಡೆದು ನಡೆಸಿದ ಅಧ್ಯಯನವನ್ನೂ ಅಲ್ಲಿ ತಿಳಿಸಿದರು: ಹೊಡೆತ, ಅವಮಾನ, ಮನೆಯವರ ಕುಡಿತ ಮೊದಲಾದ ಅನುಭವಗಳು ಹೆಚ್ಚಿದಷ್ಟೂ ಮುಂದೆ ವ್ಯಸನಕ್ಕೆ ಬೀಳುವ ಸಂಭವವೂ ಹೆಚ್ಚುತ್ತದೆ. ಇದನ್ನು ನನ್ನ ತಪ್ಪಿಗೆ ನೆಪ ಮಾಡಿಕೊಳ್ಳಲಾರೆ. ಮಗಳು ಬೆಚ್ಚುವುದು ಹಟದಿಂದಲ್ಲ, ಚಿಲಕದ ಸದ್ದಿಗೆ ನಾನು ಬೆಚ್ಚುತ್ತಿದ್ದ ಹಾಗೆಯೇ ಎಂಬುದು ಮಾತ್ರ ಅಂದು ಹೊಳೆಯಿತು.

ಸಿಟ್ಟೇರಿದಾಗ ಮೊದಲು ಪಾದಗಳನ್ನು ನೆಲಕ್ಕೂರಿ ಉಸಿರು ನಿಧಾನಿಸುವುದು, ಆಮೇಲೆ ಮಗುವಿನ ಸಮಕ್ಕೆ ಕುಳಿತು ಮಾತಾಡುವುದು, ತಪ್ಪಾಯಿತೆಂದು ಹೇಳಿದ ಮೇಲೆ ಅವಳಿಂದ ಸಮಾಧಾನದ ಮಾತು ನಿರೀಕ್ಷಿಸದಿರುವುದು, ಇಷ್ಟನ್ನು ಕಲಿಯಲು ನನಗೆ ತಿಂಗಳುಗಳೇ ಹಿಡಿದವು. ಕೊನೆಯದು ತೀರ ಕಷ್ಟವಾಯಿತು. ಮಗುವನ್ನು ನನ್ನಿಂದ ದೂರವಿಡಿ ಎಂದು ಬಂಧುಗಳು ಒತ್ತಾಯಿಸಿದರೂ ಒಪ್ಪದೆ, ಪ್ರತಿ ಶನಿವಾರ ಬುತ್ತಿ ಕಟ್ಟಿ ನನ್ನನ್ನು ತರಗತಿಗೆ ಕಳುಹಿಸಿದ ಅತ್ತೆಯವರ ಪಾದಗಳಿಗೆ ನಮಸ್ಕರಿಸುತ್ತೇನೆ.

ಕಳೆದ ವಾರ ನನ್ನ ಕೈಯಿಂದ ಸ್ಟೀಲಿನ ತಟ್ಟೆ ಜಾರಿ ದೊಡ್ಡ ಸದ್ದಾಯಿತು. ಮಗಳು ಪುಸ್ತಕದಿಂದ ತಲೆ ಎತ್ತದೆಯೇ, "ಅವ್ವಾ, ಏನ್ ಬಿತ್ತು?" ಎಂದು ಕೇಳಿದಳು.